ಐದು ಅಂಕದ ಪ್ರಶ್ನೆ

ಮೇ ತಿಂಗಳ ಶಿವಮೊಗ್ಗ. ಮೌಲ್ಯಮಾಪನ ಕೇಂದ್ರದಲ್ಲಿ
ಫ್ಯಾನು ಜೋರಾದರೆ ಉತ್ತರಪತ್ರಿಕೆ ಹಾರುತ್ತದೆ,
ನಿಲ್ಲಿಸಿದರೆ ನಾವು ಬೇಯುತ್ತೇವೆ.
ಒಂದನೇ ನಂಬರಿಗಿಟ್ಟು
ಕಟ್ಟಿನ ಮೇಲೊಂದು ಮೊಬೈಲು ಹೇರಿದ್ದೇವೆ.

ನಾನು ಅತಿಥಿ ಉಪನ್ಯಾಸಕ. ಹನ್ನೊಂದು ವರ್ಷದಿಂದ ಅತಿಥಿ.
ನಮ್ಮ ಕಡೆ ಮೂರು ದಿನ ಉಳಿದ ನೆಂಟನಿಗೇ
ಕಾಫಿ ಲೋಟ ಸಣ್ಣದಾಗುತ್ತದೆ.
ದಿನಕ್ಕೆ ನಲವತ್ತು ಪತ್ರಿಕೆ, ಒಂದಕ್ಕಿಷ್ಟು ಎಂದು ದುಡ್ಡು,
ಅದು ಬರುವುದು ದೀಪಾವಳಿಗೆ.

ಸಮಾಜಶಾಸ್ತ್ರೀಯ ಸಿದ್ಧಾಂತ, ಅಭಿಜಾತ ಮತ್ತು ಸಮಕಾಲೀನ.
ಪ್ರಶ್ನೆ ಏಳು: ಪರಕೀಯತೆ ಎಂದರೇನು? ಉದಾಹರಣೆಯೊಂದಿಗೆ ವಿವರಿಸಿ.
ಎಲ್ಲರೂ ಒಂದೇ ಗೈಡು ಓದಿದ್ದಾರೆ.
ಮೂವತ್ತೆಂಟು ಪತ್ರಿಕೆಗೂ ಕಾರ್ಮಿಕ ಒಬ್ಬನೇ,
ಅವನಿಗೆ ಊರಿಲ್ಲ, ಹೆಸರಿಲ್ಲ, ಬುತ್ತಿಯ ಡಬ್ಬಿಯಿಲ್ಲ.
ಸಿದ್ಧಾಂತಿಯ ಹೆಸರಿನ ಕಾಗುಣಿತವೊಂದೇ
ಪುಟಪುಟಕ್ಕೂ ಬೇರೆ.

ಮೂವತ್ತೊಂಬತ್ತನೆಯದು ಹೀಗೆ ಶುರುವಾಯಿತು:

"ನಮ್ಮವ್ವ ಗುತ್ಯಮ್ಮ ಗಾರ್ಮೆಂಟ್ಸಿಗೆ ಹೋಗುತ್ತಾಳೆ.
ಬೆಳಿಗ್ಗೆ ಆರೂಕಾಲಿಗೆ ಕುಂಸಿಯಲ್ಲಿ ಕಂಪನಿ ಬಸ್ಸು.
ಅವಳದು ಎಡಗಡೆ ಕಫ್ಫು. ಬಲಗಡೆಯದು ಜಬೀನಾ ಆಂಟಿಯದು.
ಗಂಟೆಗೆ ಎಂಬತ್ತು. ನಾಲ್ಕು ವರ್ಷದಲ್ಲಿ
ಅವ್ವ ತಾನು ಹೊಲಿದ ಇಡೀ ಅಂಗಿ ನೋಡಿಲ್ಲ.
ಒಂದು ಸಲ ಗಾಂಧಿಬಜಾರಿನ ಅಂಗಡಿಯ ಗಾಜಿಗೆ ಮೂಗು ಹಚ್ಚಿ
ಬೊಂಬೆಯ ತೋಳು ನೋಡಿದಳು. ಒಳಗೆ ಹೋಗಲಿಲ್ಲ.
'ನಂದಲ್ಲ, ಹೊಲಿಗೆ ಸಡ್ಲ' ಅಂದಳು.
ನಿದ್ದೆಯಲ್ಲೂ ಅವಳ ಬಲಗಾಲು ಪೆಡಲು ಒತ್ತುತ್ತದೆ.
ನಾನು ಅದರ ಮೇಲೆ ನನ್ನ ಕಾಲಿಟ್ಟು ಮಲಗುತ್ತೇನೆ.

ಇದು ಪರಕೀಯತೆ ಹೌದೋ ಅಲ್ಲವೋ ಗೊತ್ತಿಲ್ಲ.
ಯಾಕೆಂದರೆ ಸಂಬಳದ ದಿನ ಅವ್ವ ನಗುತ್ತಾಳೆ.
ಮುಂಚೆ ಕಂಡವರ ಗದ್ದೆಗೆ ಹೋಗುವಾಗ
ಎಲ್ಲ ಅವಳ ಕಣ್ಣೆದುರೇ ಇತ್ತು: ನಾಟಿ, ಕಳೆ, ಕೊಯ್ಲು, ಒಕ್ಕಲು.
ಕೂಲಿ ಮಾತ್ರ ಅಪ್ಪನ ಕೈಗೆ ಕೊಡುತ್ತಿದ್ದರು.
ಆ ಪೂರ್ತಿ ಕೆಲಸವನ್ನು
ಸಿದ್ಧಾಂತದಲ್ಲಿ ಏನೆಂದು ಕರೆಯುತ್ತಾರೆ ಸರ್?"

ಉತ್ತರಪತ್ರಿಕೆಯಲ್ಲಿ ಪ್ರಶ್ನೆ ಕೇಳುವ ಹಾಗಿಲ್ಲ.
ಅಂಕದ ಚೀಟಿ ನನ್ನ ಎಡಕ್ಕಿದೆ:
ವ್ಯಾಖ್ಯೆಗೆ ಒಂದು, ಹೆಸರಿಗೆ ಒಂದು,
ನಾಲ್ಕು ವಿಧಕ್ಕೆ ಎರಡು, ಉದಾಹರಣೆಗೆ ಒಂದು.
ವ್ಯಾಖ್ಯೆ ಇಲ್ಲ. ಹೆಸರಿಲ್ಲ. ವಿಧ ಹುಡುಕಿದೆ.
ಕಫ್ಫಿನಲ್ಲೊಂದು, ಗಂಟೆಗೆ ಎಂಬತ್ತರಲ್ಲೊಂದು,
ನಿದ್ದೆಯ ಕಾಲಿನಲ್ಲೊಂದು.
ಮನುಷ್ಯ ಮನುಷ್ಯನಿಂದ ದೂರವಾಗುವ ನಾಲ್ಕನೆಯದು ಸಿಗಲಿಲ್ಲ,
ಜಬೀನಾ ಆಂಟಿ ಅಡ್ಡ ಕೂತಿದ್ದರು.

ಪಕ್ಕದ ಟೇಬಲ್ಲಿನ ಹಾಲೇಶಪ್ಪನವರಿಗೆ ಓದಿ ಹೇಳಿದೆ.
ಕಾಯಂ ನೌಕರರು, ನಿಧಾನವಾಗಿ ಕೇಳಿಸಿಕೊಂಡರು.
"ಒಂದು ಕೊಡಿ ಮಾರಾಯ್ರೆ. ಕಥೆಗೆ ಕನ್ನಡ ಪೇಪರಿನವರು ಕೊಡಲಿ."
ಆಮೇಲೆ ಕನ್ನಡಕ ಒರೆಸುತ್ತಾ
"ಎಡಗಡೆ ಕಫ್ಫು ಅಂದಿರಾ?" ಎಂದು
ತಮ್ಮ ತೋಳು ತಿರುಗಿಸಿ ನೋಡಿಕೊಂಡರು.

ಹೆಸರಿನ ಭಾಗ ಕತ್ತರಿಸಿ ತೆಗೆದಿದ್ದಾರೆ. ಉಳಿದದ್ದು ಕೋಡ್ ಸಂಖ್ಯೆ.
ಹುಡುಗನೋ ಹುಡುಗಿಯೋ, ಯಾವ ಕಾಲೇಜೋ.
ನಾನು ಪಾಠ ಮಾಡಿದ ಮಕ್ಕಳು ಇನ್ನಾರದೋ ಕಟ್ಟಿನಲ್ಲಿ,
ನನ್ನ ಕಟ್ಟಿನಲ್ಲಿ ಇನ್ನಾರದೋ ಮಕ್ಕಳು.
ನಾಳೆ ಕುಂಸಿ ಬಸ್ಸಿನಲ್ಲಿ ಭುಜ ತಾಗಿಸಿ ನಿಂತರೂ
"ಸ್ವಲ್ಪ ಮುಂದೆ ಹೋಗಿ" ಎಂದಷ್ಟೇ ಹೇಳುತ್ತೇನೆ.

ಎರಡು ಹಾಕಿದೆ. ಹೊಡೆದುಹಾಕಿ ಐದು ಬರೆದೆ.
ತಿದ್ದಿದ ಅಂಕದ ಪಕ್ಕ ಪೂರ್ತಿ ಸಹಿ ಬೇಕು,
ಮಾಡಿದೆ.

ಕೊನೆಯ ಸಾಲಿನ ಕೆಳಗೆ ಅರ್ಧ ಪುಟ ಬಿಟ್ಟಿತ್ತು ಮಗು.
ಖಾಲಿ ಜಾಗಕ್ಕೆ ಅಡ್ಡ ಗೆರೆ ಎಳೆಯಬೇಕೆಂಬುದು ನಿಯಮ.
ಕೆಂಪು ಪೆನ್ನು ಹಿಡಿದು ಸುಮಾರು ಹೊತ್ತು ಕೂತೆ.
ಎಳೆಯಲಿಲ್ಲ.