ಬೆರಳು ನುಸುಳದಷ್ಟು

ಜೋಡುಪಾಲದ ತಿರುವಿನಲ್ಲಿ ನನ್ನ ಚಾದಂಗಡಿ.
ಇಲ್ಲಿ ಕೂತವನು ಗಾಡಿಗಳನ್ನು ನೋಡಬೇಕೆಂದಿಲ್ಲ,
ಕೇಳಿದರೆ ಸಾಕು.
ಬಸ್ಸು ಕೆಮ್ಮುತ್ತದೆ, ಗ್ಯಾಸ್ ಟ್ಯಾಂಕರು ಬುಸ್ಸೆನ್ನುತ್ತದೆ.
ಹಿಟಾಚಿ ಹೊತ್ತ ಟ್ರೇಲರು
ಸರಿಯಾಗಿ ಕಟ್ಟಿದ್ದರೆ
ತನ್ನ ಎಂಜಿನ್ನಿನ ಹೊರತು ಏನನ್ನೂ ಹೇಳುವುದಿಲ್ಲ.

ಬಿಗಿದ ಸರಪಳಿಗೆ ಬಾಯಿಲ್ಲ.
ಗಿಲಿಗಿಲಿ ಅಂದಿತೋ, ಎಲ್ಲೋ ಒಂದು ಕೊಂಡಿ
ಕೆಲಸ ಬಿಟ್ಟು ಹರಟೆಗೆ ಕೂತಿದೆ.

ಅವ್ವ ಬೆಟ್ಟತ್ತೂರಿನ ತೋಟದಲ್ಲಿ
ದಿನಗೂಲಿಗೆ ಮೆಣಸಿನ ಬಳ್ಳಿ ಕಟ್ಟುತ್ತಿದ್ದಳು.
ನಾರು ಸುತ್ತಿ ಗಂಟು ಹಾಕುವ ಮುಂಚೆ
ಕಿರುಬೆರಳು ಒಳಗಿಟ್ಟು ನೋಡುವಳು.
"ಬೆರಳಿಗೆ ಜಾಗ ಬಿಡು ಮಗ,
ನಾಳೆ ಬಳ್ಳಿ ದಪ್ಪ ಆಗ್ತದೆ."
ನಾನು ಕಲಿತ ಮೊದಲ ಕಟ್ಟು ಅದು.

ಎರಡನೆಯದು ಇದಿನಬ್ಬ ಕಲಿಸಿದ್ದು.
ಹದಿನಾರು ವರ್ಷ ಅವನ ಟ್ರೇಲರಿಗೆ ನಾನೇ ಕ್ಲೀನರು.
"ಮೊದಲು ಕೆಸರು ಕೆರೆ. ಹಲಗೆಯದ್ದೂ, ಚೈನಿನ ಸಂದಿನದ್ದೂ.
ಕೆಸರಿನ ಮೇಲೆ ಕಬ್ಬಿಣ ಬೆಣ್ಣೆಯ ಹಾಗೆ.
ಬಕೆಟ್ಟು ಇಳಿದು ಹಲಗೆಗೆ ಹಣೆ ಹಚ್ಚಬೇಕು.
ಸೊಂಟಕ್ಕೆ ಬೀಗ. ತಿರುಗುವ ಸೊಂಟ ಅದು, ನಂಬಬೇಡ.
ನಾಲ್ಕು ಮೂಲೆಗೆ ನಾಲ್ಕು ಸರಪಳಿ,
ಬೆರಳು ನುಸುಳಬಾರದು.
ಮದೆನಾಡಿನಲ್ಲಿ ಇಳಿದು ಮತ್ತೊಮ್ಮೆ ಬಿಗಿ,
ನಾಲ್ಕು ತಿರುವು ಕಂಡ ಮೇಲೆ
ಸರಪಳಿಯೂ ಮೈ ಸಡಿಲ ಬಿಡ್ತದೆ ಮಾರಾಯ."

ಹೀಗೆಲ್ಲ ಹೇಳಿದವನೇ
ಗುಡ್ಡ ಜರಿದ ವರ್ಷ, ಮೂರು ರಾತ್ರಿ ನಿದ್ದೆಗೆಟ್ಟು,
ಸುಳ್ಯದಿಂದ ಫೋನಿನ ಮೇಲೆ ಫೋನು ಬರುವಾಗ
ತುಕ್ಕು ತಿಂದ ನಾಲ್ಕನೆಯ ಕೊಕ್ಕೆಯನ್ನು ನೋಡಿ ಅಂದ:
"ಇಪ್ಪತ್ತು ಟನ್ನು. ಇದೆಲ್ಲಿಗೆ ಹೋಗ್ತದೆ?"
ನಾನೂ ಅಂದೆ, ಹೌದು, ಎಲ್ಲಿಗೆ ಹೋಗ್ತದೆ.
ಕೆಂಪು ಕೆಸರು ಹಾಗೆಯೇ ಉಳಿಯಿತು.
ಸೊಂಟದ ಬೀಗ ಹಾಕಿದ್ದೆನೋ ಇಲ್ಲವೋ,
ಇವತ್ತಿಗೂ ನೆನಪಿಲ್ಲ.

ಗುಡ್ಡ ಎಲ್ಲಿಗೂ ಹೋಗುವುದಿಲ್ಲ ಅಂತಲೇ
ಅದರ ಬುಡದಲ್ಲಿ ಮನೆ ಕಟ್ಟಿದ್ದರು ಜನ.
ಆ ಮನೆಗಳ ಮೇಲಿನ ಮಣ್ಣು ತೆಗೆದೇ ಹೊರಟಿದ್ದೆವು.
ಆದರೂ ಹೊಳೆಯಲಿಲ್ಲ.

ದೇವರಕೊಲ್ಲಿಯ ಇಳಿಜಾರಿನಲ್ಲಿ
ಅವನು ಬ್ರೇಕಿನ ಮೇಲೆ ಕಾಲಿಟ್ಟ, ಅಷ್ಟೇ.
ಹಿಂದೆ ಒಂದು ನಿಧಾನದ ಸದ್ದು,
ಯಾರೋ ಹಾಸಿಗೆಯಲ್ಲಿ ಮಗ್ಗುಲಾದ ಹಾಗೆ.
ಕನ್ನಡಿಯಲ್ಲಿ ಹಿಟಾಚಿಯ ತೋಳು
ರಸ್ತೆಯ ಆಚೆಗೆ ಚಾಚಿಕೊಂಡಿತ್ತು.
ಎದುರಿಗೆ ಕೊಯನಾಡಿನ ಮೀನಿನ ಹುಡುಗ,
ಬೈಕು ಏರಿಸಿ ಬರುತ್ತಿದ್ದವನು.

ಪೆಟ್ಟಿಗೆ ಹೋಯಿತು, ಅವನು ಉಳಿದ.
ಡಾಂಬರಿನ ತುಂಬ ಬಂಗುಡೆ.
ಹೆಲ್ಮೆಟ್ ತೆಗೆದು, ಮೋರಿಯ ಮೇಲೆ ಕೂತು
ನೀರು ಕೇಳಿದ. ಬೈಯಲೇ ಇಲ್ಲ.
ಬೈದಿದ್ದರೆ ಚೆನ್ನಾಗಿತ್ತು.

ಆಗ ಬುದ್ಧಿ ಬಂತು ನನಗೆ. ಓಡಿ ಹೋಗಿ
ಜೋಲುವ ಸರಪಳಿಯೊಳಗೆ ಕೈಯಿಟ್ಟು ಎಳೆದೆ.
ಯಂತ್ರ ಇನ್ನೊಮ್ಮೆ ಮಗ್ಗುಲಾಯಿತು.
ನುಸುಳಬಾರದು ಅಂದಿದ್ದ ಬೆರಳು, ಎರಡು,
ಅಲ್ಲೇ ಉಳಿದವು.

ಇವತ್ತು ಬೆಳಿಗ್ಗೆ ಒಂದು ಟ್ರೇಲರು ನಿಂತಿತು.
ನಿಲ್ಲುವ ಮುಂಚೆಯೇ ಕೇಳಿತ್ತು ನನಗೆ.
"ಹಿಂದೆ, ಎಡಗಡೆ," ಅಂದೆ ಲೋಟ ಕೊಡುತ್ತ.
"ಎಲ್ಲ ಟೈಟ್ ಉಂಟು," ಅಂದ ಕ್ಲೀನರು,
ಮೀಸೆ ಇನ್ನೂ ಮೂಡದವನು.
"ಬೆರಳು ಹಾಕು, ನೋಡುವ."
ಹಾಕಿದ. ಹೋಯಿತು.
"ತೆಗಿ."
ತೆಗೆದ. ನನ್ನ ಕೈ ನೋಡಿದನೋ ಏನೋ,
ಚಾ ಆರುವವರೆಗೂ ಮೂಲೆ ಮೂಲೆ ಬಿಗಿದ.

ದುಡ್ಡು ಕೊಡುವುದು ಮರೆತೇ ಹೋದರು ಇಬ್ಬರೂ.
ಲೋಟ ತೊಳೆಯುವುದು ಬಿಟ್ಟು ಕಿವಿಗೊಟ್ಟೆ:
ಒಂದು ತಿರುವು, ಎರಡು, ಆಮೇಲೆ ದೇವರಕೊಲ್ಲಿ.
ಗೇರು ಇಳಿಸಿದ ಎಂಜಿನ್ನಿನ ಗೊಣಗಾಟ,
ಕೆಳಗೆ ಹೊಳೆ.
ಸರಪಳಿಯ ಸುದ್ದಿಯೇ ಇಲ್ಲ.