ಹಿಂದಿನ ಘೋಷಣೆ ಇಲ್ಲಿದೆ

ಕೊತ್ತತ್ತಿ ರಸ್ತೆಯ ವೇಬ್ರಿಜ್ಜಿನ ಕೋಣೆ,
ರಾತ್ರಿ ಒಂದೂವರೆ.
ಹಳೇ ಕಂಪ್ಯೂಟರ್ ಮೊನ್ನೆ ಹೊಗೆ ಬಿಟ್ಟು ತೀರಿಕೊಂಡಿತು.
ಹೊಸದಕ್ಕೆ ಲಿನಕ್ಸ್ ಹಾಕಿ, ಹಳೇ ಡಿಸ್ಕಿನದೆಲ್ಲ ಸುರಿದು
ಕಬ್ಬು ತೂಗುವ ಪ್ರೋಗ್ರಾಮನ್ನು ಮತ್ತೆ ಕಟ್ಟುತ್ತಿದ್ದೇನೆ;
ಕಟ್ಟಿದ್ದು ಕಟ್ಟಿದ ಹಾಗೇ ಬೀಳುತ್ತಿದೆ.

ನೂರ ಹದಿನಾರು ಸಾಲು ಕೆಂಪಕ್ಷರ.
ನೂಲು ಸಿಕ್ಕಾದರೆ ಕೊನೆ ಎಳೀಬೇಡ,
ಮೊದಲ ಗಂಟು ಹುಡುಕು ಅನ್ನೋಳು ಅಮ್ಮ.
ಸರಿಸಿ ಸರಿಸಿ ಮೊದಲ ಸಾಲಿಗೆ ಬಂದೆ:
'ತೂಕ' ಎಂಬುದಕ್ಕೆ ಎರಡು ಅರ್ಥ.
ಅದರಡಿ, ತಣ್ಣಗೆ,
ಹಿಂದಿನ ಘೋಷಣೆ ಇಲ್ಲಿದೆ.

ಹೊರಗೆ ಟ್ರ್ಯಾಕ್ಟರುಗಳ ಸಾಲು ನಾಲೆಯ ಸೇತುವೆ ದಾಟಿದೆ.
ಎಂಜಿನ್ ಆರಿಸಿ ಬಂದ ಕೀಲಾರದ ಕೆಂಚೇಗೌಡ
ಕಿಟಕಿ ಸರಳಿಗೆ ಗಲ್ಲವಿಟ್ಟ.
'ಏನಂತವ್ವ ಅದುಕ್ಕೆ?'
'ಒಂದೇ ಹೆಸರಿನ ಫೈಲು ಎರಡಿವೆ ಗೌಡ್ರೆ,
ಕರೆದರೆ ಯಾವುದೋ ಒಂದು ಓ ಅನ್ನುತ್ತೆ.'
'ಅಷ್ಟೇಯಾ? ನಮ್ಮೂರಲ್ಲಿ ಆರು ಜನ ಕೆಂಚೇಗೌಡ್ರು ಅವ್ರೆ.
ನಾನು ತೂಬಿನ ಕೆಂಚ, ಇನ್ನೊಬ್ಬ ಸೋಡಾ ಕೆಂಚ.
ಬರೀ ಕೆಂಚ ಅಂದ್ರೆ ಅಮೀನ
ಮೊದ್ಲು ಸಿಕ್ಕಿದ ಮನೆಗೇ ಸಮನ್ಸ್ ಕೊಟ್ಟೋಯ್ತನೆ.'

ಅಮೀನನೇ ಈ ಕಂಪೈಲರ್.
ಉದ್ಧರಣ ಚಿಹ್ನೆಯಲ್ಲಿ ಹೆಸರಿಟ್ಟರೆ ಪಕ್ಕದ ಮನೆ ನೋಡುತ್ತಾನೆ,
ಮೊನೆಕಂಸದಲ್ಲಿಟ್ಟರೆ ಸೀದಾ ಬೀದಿಗಿಳಿಯುತ್ತಾನೆ.
ಅವನು ತಿರುಗುವ ಬೀದಿಗಳ ಪಟ್ಟಿ ತೆಗೆಸಿದೆ.
ಮೊದಲನೆಯದರಲ್ಲೇ, ಲೋಕಲ್ ಇನ್‌ಕ್ಲೂಡಿನಲ್ಲಿ,
ನಿವೃತ್ತರಾದ ಜವರಪ್ಪ ಸರ್ ಇಟ್ಟ ತೂಕ.ಎಚ್.
ನೆತ್ತಿಯ ಮೇಲೆ ಕಾಮೆಂಟು: ಯಾರೂ ಮುಟ್ಟಬಾರದು.

ಎರಡನ್ನೂ ಅಕ್ಕಪಕ್ಕ ತೆರೆದೆ.
ಹಳೆಯದರಲ್ಲಿ ಒಂದು ಸಾಲು ಹೆಚ್ಚು:
ಕಸಕ್ಕೆಂದು ನೂರಕ್ಕೆ ಎರಡು ಕಳೆ.
ಹೊಸದರಲ್ಲಿ ಅದಿಲ್ಲ.
ಗೋಡೆಯ ನೋಟೀಸಿನಲ್ಲೂ ಅದೇ, ಮೊಹರು ಸಮೇತ:
ಜುಲೈ ಒಂದರಿಂದ ಕಸದ ಕಡಿತ ಇರುವುದಿಲ್ಲ.
ಈಗ ಸೆಪ್ಟೆಂಬರ್ ಮುಗಿಯುತ್ತಿದೆ.
ಹಳೇ ಯಂತ್ರ ಒಂದು ದಿನವೂ ತಪ್ಪು ತೋರಿಸಿರಲಿಲ್ಲ;
ಹೊಸ ಫೈಲು ಬಂದು ಫೋಲ್ಡರಿನಲ್ಲಿ ಕೂತಿತ್ತು,
ಮತ್ತೆ ಕಟ್ಟಿ ನೋಡಿದವರು ಯಾರೂ ಇಲ್ಲ.

ಮ್ಯಾನೇಜರಿಗೆ ಫೋನ್ ಹಚ್ಚಿದೆ.
'ಮೊದಲು ಹೆಂಗಿತ್ತೋ ಹಂಗೇ ಮಾಡಮ್ಮ'
ಎಂದು ನಿದ್ದೆಯಲ್ಲೇ ಇಟ್ಟುಬಿಟ್ಟರು.
ಯಾವ ಮೊದಲು?

ನೋಟೀಸಿನ ಫೋಟೋ ತೆಗೆದುಕೊಂಡೆ.
ಹಳೆಯದನ್ನು ಅಳಿಸಲಿಲ್ಲ,
ಮನೆಹೆಸರು ಕೊಟ್ಟು ಪಕ್ಕಕ್ಕೆ ಕೂರಿಸಿದೆ: ಜವರಪ್ಪನ ತೂಕ.
ಮತ್ತೆ ಕಟ್ಟು ಎಂದೆ. ಫ್ಯಾನು ಬುಸುಗುಟ್ಟಿತು.
ಕೆಂಪು ಇಲ್ಲ. ಹಳದಿಯಲ್ಲಿ ಒಂದೇ ಎಚ್ಚರಿಕೆ:
'ಕಸ' ಎಂದು ಹೆಸರಿಟ್ಟಿದ್ದೀರಿ, ಎಲ್ಲೂ ಬಳಸಿಲ್ಲ.

ತೂಬಿನ ಕೆಂಚೇಗೌಡನ ಗಾಡಿ ಮೊದಲು ಹಲಗೆ ಹತ್ತಿತು.
ಚೀಟಿಯನ್ನು ಹೆಡ್‌ಲೈಟಿಗೆ ಹಿಡಿದು
ಎರಡು ಸಲ ಓದಿದ, ವಾಪಸು ಬಂದ.
'ಜಾಸ್ತಿ ಬಂದದೆ ಕಣವ್ವ.
ಇನ್ನೊಂದ್ಸತಿ ನೋಡು, ಎಲ್ಲೋ ತೆಪ್ಪಾಗದೆ.'