ನಕ್ಷೆಗೆ ಇಪ್ಪತ್ತು ಬಹ್ತ್

ನೊಂಗ್ ಖಾಯ್ ಊರಿನ ವಲಸೆ ಕಚೇರಿ,
ಅದರ ಗೇಟಿನೆದುರು ನನ್ನ ಜೆರಾಕ್ಸ್ ಅಂಗಡಿ.
ಪುಟಕ್ಕೆ ಎರಡು ಬಹ್ತ್, ನಾಲ್ಕು ಫೋಟೋಗೆ ನೂರು,
ಮನೆಗೆ ಹೋಗುವ ದಾರಿಯ ನಕ್ಷೆ,
ಕೈಯಲ್ಲೇ ಬರೆದದ್ದು, ಇಪ್ಪತ್ತು.

ಎಂಟು ಗಂಟೆಗೇ ಬಂದು ನಿಲ್ಲುತ್ತಾರೆ
ನರೆತ ತಲೆಯ ಪರದೇಶದವರು,
ಪ್ಲಾಸ್ಟಿಕ್ ಫೈಲು ಎದೆಗೆ ಅವುಚಿಕೊಂಡು
ಶಾಲೆಗೆ ತಡವಾದ ಮಕ್ಕಳ ಹಾಗೆ.
ಬ್ಯಾಂಕಿನಲ್ಲಿ ಎಂಟು ಲಕ್ಷ ಕೂತಿದೆ, ಅದಕ್ಕೆ ಚೀಟಿಯಿದೆ.
ವಯಸ್ಸಾಯಿತು, ಅದಕ್ಕೂ ಪಾಸ್‌ಪೋರ್ಟಿದೆ.
ಇರುವುದೆಲ್ಲಿ?
ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಅನ್ನುವುದುಂಟು.
ಈ ಕಚೇರಿಯಲ್ಲಿ ಬೇಕು.
ಎರಡು ಪ್ರತಿ, ಪ್ರತಿಯೊಂದಕ್ಕೂ ಸಹಿ, ನೀಲಿ ಶಾಯಿಯಲ್ಲಿ.

ಇವತ್ತು ತೈಸ್ತೋ. ಫಿನ್ಲೆಂಡಿನವರು, ಎಪ್ಪತ್ತೊಂದು.
ಹಿಮಗಡ್ಡೆ ಒಡೆಯುವ ಹಡಗಿನ ಹೊಟ್ಟೆಯೊಳಗೆ
ಎಂಜಿನ್ ನೋಡಿಕೊಂಡು ಕಿವಿ ಅರ್ಧ ಕಳೆದುಕೊಂಡವರು.
ಬಾಡಿಗೆ ಕರಾರು ತಂದಿದ್ದಾರೆ. ಮನೆಯೊಡತಿಯ ಸಹಿಯೂ ಇದೆ.
ಅವಳ ನೀಲಿ ಮನೆಪುಸ್ತಕದ ಪ್ರತಿ ಮಾತ್ರ ಇಲ್ಲ.
ಒಡತಿ ಮಗಳ ಬಾಣಂತನಕ್ಕೆ ಉಡೋನ್‌ಗೆ ಹೋಗಿದ್ದಾಳೆ,
ಪುಸ್ತಕ ಬೀರುವಿನಲ್ಲಿ,
ಬೀರುವಿನ ಕೀ ಅವಳ ಸೊಂಟದಲ್ಲಿ.

ಕರೆಂಟ್ ಬಿಲ್ಲು ತೆಗೆದು ತೋರಿಸಿದರು.
ಹೆಸರು ಒಡತಿಯ ಗಂಡನದು. ಸತ್ತು ಆರು ವರ್ಷ.
ಸತ್ತವನು ತಿಂಗಳು ತಿಂಗಳೂ ಆ ಮನೆಯಲ್ಲಿ
ಇನ್ನೂರು ಯೂನಿಟ್ ಉರಿಸುತ್ತಾನೆ.
ಉಸಿರಾಡುತ್ತ ನನ್ನೆದುರು ಬೆವರುತ್ತಿರುವ ತೈಸ್ತೋಗೆ
ಒಂದು ಬಲ್ಬಿನ ಸಾಕ್ಷಿಯೂ ಇಲ್ಲ.

“ಇರಲಿ, ನಕ್ಷೆಯಾದರೂ ಬರೆಯೋಣ. ಹತ್ತಿರ ಏನಿದೆ?”
ಹೊಸಬರು ಮಾಲು ಅನ್ನುತ್ತಾರೆ, ಏಟಿಎಂ ಅನ್ನುತ್ತಾರೆ.
ಇವರು ಕಣ್ಣು ಮುಚ್ಚಿಕೊಂಡರು.
ಅವರ ಥಾಯ್ ಕುಂಟುತ್ತದೆ, ನನ್ನ ಇಂಗ್ಲಿಷ್ ತೆವಳುತ್ತದೆ,
ಒಂದರ ಹೆಗಲ ಮೇಲೊಂದು ಕೈ ಹಾಕಿಕೊಂಡು
ಹೇಗೋ ನದಿದಂಡೆಯವರೆಗೆ ಬಂದವು.
ವಿಹಾರದ ಹಿಂಗೋಡೆ. ಆಮೇಲೆ ಹುಣಸೆಮರ.
ಮರದಡಿ ಹಸಿ ಪಪ್ಪಾಯಿ ಕುಟ್ಟುವ ಹೆಂಗಸು.
ಒರಳಿನ ಸದ್ದು ಕೇಳಿದರೆ ಎಡಕ್ಕೆ ತಿರುಗಬೇಕು,
ಕೇಳದಿದ್ದರೆ ಅವಳಿಗೆ ಅಂದು ರಜೆ,
ಆಗಲೂ ಎಡಕ್ಕೇ.
ಆಮೇಲೆ ಮೂರು ಕಾಲಿನ ಒಂದು ನಾಯಿ.
“ನನ್ನನ್ನು ಕಂಡರೆ ಬೊಗಳುವುದಿಲ್ಲ ಅದು.
ಅದನ್ನು ಬರೆಯಬಹುದೆ?”

ಬರೆದೆ. ಕಾಲು ಮೂರೇ ಬರೆದೆ.

ಗೆರೆ ಎಳೆಯುತ್ತಿರುವಾಗ ಕೇಳಿಬಿಟ್ಟರು:
“ಇದರಲ್ಲಿ ನಿಮ್ಮ ಮನೆ ಎಲ್ಲಿ, ಪ್ರನೋಮ್?”

ಈ ಯಂತ್ರದ ಹಿಂದೆ ಏಣಿ, ಏಣಿಯ ಮೇಲೆ ಅಟ್ಟ,
ಅಟ್ಟದಲ್ಲಿ ಚಾಪೆ, ಇಪ್ಪತ್ತೆರಡು ವರ್ಷ.
ಪುಸ್ತಕದ ಪ್ರಕಾರ ನಾನು ಇವತ್ತಿಗೂ ರೋಯೆಟ್‌ನಲ್ಲಿ,
ಅಣ್ಣನ ಮನೆಯ ನಾಲ್ಕನೆಯ ಪುಟದಲ್ಲಿ.
ಓಟು ಅಲ್ಲಿ. ಮಗನಿಗೆ ಸೇನೆಯ ಕರೆ ಬಂದದ್ದೂ ಅಲ್ಲಿಗೇ,
ಅತ್ತಿಗೆ ಅದನ್ನು ಮೆಣಸಿನ ಡಬ್ಬಿಯಡಿ ಇಟ್ಟು ಮರೆತಳು.
ಇಷ್ಟೆಲ್ಲ ಯಾವ ಭಾಷೆಯಲ್ಲಿ ಹೇಳುವುದು?
ಪೆನ್ಸಿಲ್ಲಿನಿಂದ ಮೇಲಕ್ಕೆ ತೋರಿಸಿದೆ.
ಅವರು ಸೀಲಿಂಗ್ ಫ್ಯಾನ್ ನೋಡಿ ತಲೆಯಾಡಿಸಿದರು.

ಹತ್ತೂವರೆಗೆ ಹೊರಗೆ ಬಂದರು.
ಹುಡುಗ ಅಧಿಕಾರಿ ನಕ್ಷೆಯನ್ನು ತಿರುಗಿಸಿ ತಿರುಗಿಸಿ ನೋಡಿ
“ಇದೇನು, ಸ್ಟೂಲೇ?” ಅಂದನಂತೆ.
ನಾಯಿ ಎಂದದ್ದಕ್ಕೆ ನಕ್ಕನಂತೆ. ನಕ್ಕು,
ಪುಸ್ತಕ ತನ್ನಿ, ಬರುವ ಮಂಗಳವಾರ, ಅಂದನಂತೆ.
ಇನ್ನೊಂದು ಪ್ರತಿಯೂ ಬೇಕಂತೆ.

ಟೋನರು ತಳ ಹಿಡಿದಿತ್ತು.
ಹಾಳೆ ಬೆಚ್ಚಗೆ, ಬೆಳ್ಳಗೆ ಹೊರಗೆ ಬಂತು:
ನದಿಯಿಲ್ಲ, ವಿಹಾರವಿಲ್ಲ, ಮನೆಯೂ ಮೂಡಿಲ್ಲ,
ಬಲಗಡೆ ಮೂಲೆಯಲ್ಲಿ ನಾಯಿಯೊಂದೇ
ಕಪ್ಪಗೆ ನಿಂತಿದೆ.
ಇದಕ್ಕೆ ದುಡ್ಡು ಬೇಡ ಅಂದೆ.
ತೈಸ್ತೋ ಎರಡು ಬಹ್ತ್ ಇಟ್ಟು
ಅದನ್ನೇ ಮಡಚಿ ಜೇಬಿಗೆ ಹಾಕಿಕೊಂಡರು.